ಡ್ರಿಫ್ಟ್‌ವುಡ್‌ಗೆ ಹೊಳೆಬದಿಯ ಹೆಸರು ಯಾವುದು?

ನಮಸ್ಕಾರ. ಕಾಸರಗೋಡಿನ ಮುಳ್ಳೇರಿಯ ಕಡೆಯಿಂದ ಒಂದು ಪ್ರಶ್ನೆ. ಇಲ್ಲಿನ ಕನ್ನಡ ಮಾಧ್ಯಮದ ಮಕ್ಕಳು ಕೈಬರಹದ ಪತ್ರಿಕೆ ತರುತ್ತಿದ್ದಾರೆ. ಅದಕ್ಕೆ ಅಕ್ವೇರಿಯಂ ಒಳಗೆ ಜೀವಂತ ಗಿಡ, ಮರದ ತುಂಡು ಜೋಡಿಸುವ ಬಗ್ಗೆ ಎರಡು ಪುಟ ಬರೆದುಕೊಡಬೇಕಾಗಿದೆ. ಅಕ್ವೇರಿಯಂ ಪದವನ್ನು ಹಾಗೇ ಬಿಟ್ಟಿದ್ದೇನೆ. ಮತ್ಸ್ಯಾಗಾರ ಅಂದರೆ ಮಕ್ಕಳು ಯಾವುದೋ ಸರಕಾರಿ ಕಟ್ಟಡ ಅಂದುಕೊಳ್ತಾರೆ. ತೊಡಕಾಗಿರುವುದು ಡ್ರಿಫ್ಟ್‌ವುಡ್, ಅಂದರೆ ನೀರಿನಲ್ಲಿ ಹರಿದು ಬಂದ ಒಣ ಮರದ ತುಂಡು. ಅದಕ್ಕೊಂದು ಕನ್ನಡ ಪದ ಬೇಕು.

ತೇಲುಮರ ಅನ್ನಿ ಎಂದರು ಒಬ್ಬರು. ಆದರೆ ಅಕ್ವೇರಿಯಂನಲ್ಲಿ ಅದು ತೇಲಲೇಬಾರದು. ಮುಳುಗಲಿ ಅಂತ ವಾರಗಟ್ಟಲೆ ನೆನೆಹಾಕುತ್ತೇವೆ, ಮೇಲೆ ಕಲ್ಲು ಹೇರುತ್ತೇವೆ, ಸಣ್ಣದಾದರೆ ಕುದಿಸುತ್ತೇವೆ. ‘ತೇಲುಮರವನ್ನು ಚೆನ್ನಾಗಿ ಮುಳುಗಿಸಿ’ ಎಂದು ಬರೆದರೆ ನಗು ಬರುತ್ತದೆ ಅಲ್ವಾ? ಜಪಾನಿನವರ ಪದ ರ್ಯೂಬೊಕು. ಹರಿವಿನ ಮರ ಅಂತ. ಗಿಡ, ಕಲ್ಲು, ಮರ ಸೇರಿಸಿ ಗಾಜಿನೊಳಗೆ ಕಾಡಿನ ನೋಟ ತರುವುದನ್ನು ಹೊರದೇಶಗಳಿಗೂ ಹಬ್ಬಿಸಿದ ತಕಾಶಿ ಅಮಾನೊ (1954–2015) ಅಲ್ಲಿಯವರೇ. ಮರ ಬಂದ ದಾರಿಯನ್ನೇ ಹೆಸರು ಮಾಡಿದ್ದು ನನಗೆ ಇಷ್ಟವಾಯಿತು.

ನಮ್ಮ ಪಯಸ್ವಿನಿ ಹೊಳೆಯಲ್ಲೂ ಮಳೆಗಾಲದಲ್ಲಿ ಮರ, ಬೇರು, ತೆಂಗಿನಕಾಯಿ ಎಲ್ಲ ಬರುತ್ತವೆ. ‘ಬೊಳ್ಳಕ್ಕೆ ಬಂದ ಮರ’ ಅನ್ನುವುದುಂಟು. ಬೊಳ್ಳ ಅಂದರೆ ನೆರೆ. ತುಳುವಿನಲ್ಲಿದೆ, ಹವ್ಯಕರ ಮಾತಿನಲ್ಲೂ ಇದೆ. ತಮಿಳಿನ ವೆಳ್ಳಂ ಕೂಡ ನೆರೆಯೇ. ಅದೇ ಪದ ಮಲಯಾಳದಲ್ಲಿ ಕುಡಿಯುವ ನೀರೂ ಆಗಿದೆ. ಬೊಳ್ಳಮರ ಎಂದರೆ ನಮಗೆ ಸೊಗಸು, ಆದರೆ ಘಟ್ಟದ ಮೇಲಿನವರಿಗೆ ಅರ್ಥವಾದೀತೇ?

ಕುತ್ತಿ ಪದವನ್ನೂ ನೋಡಿದೆ. ಅದು ಕಡಿದ ಮೇಲೆ ನೆಲದಲ್ಲೇ ಉಳಿಯುವ ಬುಡ, ಎಲ್ಲಿಂದಲೂ ಹರಿದು ಬಂದದ್ದಲ್ಲ. ಇನ್ನು ಪೇಟೆಯ ಅಂಗಡಿಯಲ್ಲಿ ‘ತಡಿ’ ಅಂದರು. ಮಲಯಾಳದ ತಡಿ ಮರ, ನಮ್ಮ ತಡಿ ಹೊಳೆಯ ದಡ. ಇದನ್ನು ತಂದರೆ ಮಕ್ಕಳಿಗೆ ಗೊಂದಲ ಗ್ಯಾರಂಟಿ.

ಉಳಿದದ್ದು ಕೊರಡು. ಒಣಗಿದ್ದು, ಚಿಗುರದ್ದು. ಇದು ಸರಿಯಾಗಿ ಕೂರುತ್ತದೆ. ಯಾಕೆಂದರೆ ಹಸಿ ಮರ ಹಾಕಿದರೆ ಕೊಳೆತು ನೀರು ಕೆಡುತ್ತದೆ.

ಕೊರಡು ಹಾಕಿದ ಮೇಲೆ ನೀರು ಚಹಾದ ಬಣ್ಣಕ್ಕೆ ತಿರುಗುತ್ತದೆ, ಅದು ಟ್ಯಾನಿನ್ ಎಂಬ ಒಗರು ಪದಾರ್ಥ. ಇದಕ್ಕೆ ಮಲೆನಾಡಿನವರ ಚೊಗರು (ಅಡಿಕೆ ಬೇಯಿಸಿದ ಬಣ್ಣದ ನೀರು) ಒಳ್ಳೆಯ ಪದ. ಅದರಲ್ಲಿ ಇಳಿಯುವುದೂ ಟ್ಯಾನಿನ್ನೇ. ನಮ್ಮಲ್ಲಿ ಅಡಿಕೆ ಬೇಯಿಸುವುದು ಕಡಿಮೆ, ಒಣಗಿಸಿ ಚಾಲಿ ಮಾಡುವುದೇ ಜಾಸ್ತಿ. ಹಾಗಾಗಿ ಇಲ್ಲಿನ ಮಕ್ಕಳು ಆ ಪದ ಕೇಳಿರಲಿಕ್ಕಿಲ್ಲ. ‘ಮರದ ಒಗರು ಬಿಡುತ್ತದೆ’ ಎಂದು ಬರೆದಿದ್ದೇನೆ. ನೀರು ಬದಲಿಸುತ್ತಾ ಹೋದರೆ ಬಣ್ಣ ಇಳಿಯುತ್ತದೆ, ಮೀನಿಗೇನೂ ತೊಂದರೆಯಿಲ್ಲ.

ಕ್ರಿಯಾಪದದ್ದು ಇನ್ನೊಂದು ತಕರಾರು. ಜಾವಾ ಫರ್ನ್, ಅನೂಬಿಯಸ್ ಗಿಡಗಳನ್ನು ‘ನೆಡುವುದು’ ಅನ್ನಲಾಗದು. ಅವುಗಳ ಗೆಡ್ಡೆಯನ್ನು ಮರಳಲ್ಲಿ ಹೂತರೆ ಕೊಳೆಯುತ್ತದೆ. ಕೊರಡಿಗೆ ದಾರದಿಂದ ಕಟ್ಟಬೇಕು, ಆಮೇಲೆ ಬೇರು ತಾನೇ ಹಿಡಿದುಕೊಳ್ಳುತ್ತದೆ. ಇದಕ್ಕೆ ‘ಬಂದಳಿಕೆಯಂತೆ ಬೆಳೆಸಿ’ ಎಂದು ಗೆಳೆಯರೊಬ್ಬರು ತಿದ್ದಿದರು. ಒಪ್ಪಲಾರೆ. ಬಂದಳಿಕೆ ಮರದ ರಸ ಹೀರುತ್ತದೆ, ಇವು ಸುಮ್ನೆ ಅಂಟಿಕೊಂಡಿರುತ್ತವೆ, ಮರಕ್ಕೆ ಕಟ್ಟಿದ ಸೀತಾಳೆ ಗಿಡದ ಹಾಗೆ. ‘ಕಟ್ಟಿ ಬೆಳೆಸಿ’ ಎಂದೇ ಇಟ್ಟಿದ್ದೇನೆ. ವ್ಯಾಲಿಸ್ನೇರಿಯಾದಂಥ ಉದ್ದೆಲೆಯ ಗಿಡಗಳಿಗೆ ಮಾತ್ರ ‘ನೆಡಿ’.

ಸದ್ಯಕ್ಕೆ ಡ್ರಿಫ್ಟ್‌ವುಡ್‌ಗೆ ‘ಹೊಳೆಕೊರಡು’ ಎಂದು ಬರೆದಿದ್ದೇನೆ. ಸುಳ್ಯ, ಅಡೂರು, ಕುಂಬಳೆ ಕಡೆಯ ಹೊಳೆಬದಿಯವರು ಬೇರೆ ಪದ ಬಳಸುತ್ತಿದ್ದರೆ ದಯವಿಟ್ಟು ತಿಳಿಸಿ. ವ್ಯಾಕರಣ ಬಲ್ಲವರಿಗೆ ಇನ್ನೊಂದು ಪ್ರಶ್ನೆ. ಮಳೆ, ಕಾಲ ಸೇರಿ ‘ಮಳೆಗಾಲ’ ಆಗುವ ಲೆಕ್ಕದಲ್ಲಿ ಇದು ಹೊಳೆಗೊರಡು ಆಗಬೇಕಲ್ವಾ? ಅಥವಾ ಮಕ್ಕಳ ಬಾಯಿಗೆ ಸುಲಭವಾಗಲಿ ಎಂದು ‘ಕ’ ಉಳಿಸಿಕೊಳ್ಳಬಹುದೇ?