ಸಂತರ ಜೀವನ: ಪವಾಡ ಹೇಳಿ ಮುಗಿಸದೆ ವಾರ್ಡಿನಲ್ಲಿ ಹೇಳುವುದು ಹೇಗೆ?

ಬೆಂದೂರು ಗುರ್ಕಾರ್:
ಅತ್ತೂರು ಸಂತ ಲಾರೆನ್ಸರ ಚರ್ಚಿನ ಹಬ್ಬಕ್ಕೆ ಮುಂಚೆ ನಮ್ಮ ವಾರ್ಡಿನಲ್ಲಿ (ಚರ್ಚಿಗೆ ಸೇರಿದ ಕೆಲವು ಮನೆಗಳ ಗುಂಪು; ನಾನು ಅದರ ಗುರ್ಕಾರ್, ಅಂದರೆ ಮುಂದಾಳು) ನೊವೆನಾ, ಅಂದರೆ ಒಂಬತ್ತು ದಿನದ ಪ್ರಾರ್ಥನೆ ಇದೆ. ತೇರ್ಸ್ (ಜಪಸರ ಪ್ರಾರ್ಥನೆ) ಆದ ಮೇಲೆ ದಿನಕ್ಕೊಬ್ಬ ಸಂತರ ಬಗ್ಗೆ ಹತ್ತು ನಿಮಿಷ ಮಾತು. ನಾಲ್ಕನೇ ಕ್ಲಾಸಿನ ಮಕ್ಕಳಿಂದ ಅಜ್ಜಿಯಂದಿರವರೆಗೆ ಇಪ್ಪತ್ತೈದು ಜನ ಸೇರುತ್ತಾರೆ. ಹುಟ್ಟು, ಪವಾಡ, ಮರಣ ಹೇಳಿದರೆ ಅಲ್ಲಿಗೇ ಮುಗಿಯುತ್ತದೆ. ಮನೆಗೆ ಹೋಗಿ ಮಾಡುವಂಥದ್ದು ಏನಾದರೂ ಸಿಗಬೇಕು.

ಕಲ್ಯಾಣಪುರ ಧರ್ಮೋಪದೇಶ:
ಗುರ್ಕಾರರೇ, ಇಡೀ ಚರಿತ್ರೆ ಬೇಡ. ಒಂದೇ ಘಟನೆ, ಅದರಲ್ಲಿ ಆ ಸಂತರು ಮಾಡಿದ ಒಂದು ತೀರ್ಮಾನ, ಅಷ್ಟು ಸಾಕು. ಲಾರೆನ್ಸರನ್ನೇ ನೋಡಿ. 258ರ ಆಗಸ್ಟ್ 6ರಂದು ವಲೇರಿಯನ್ ಚಕ್ರವರ್ತಿಯ ಕಾಲದಲ್ಲಿ ಪೋಪ್ ಎರಡನೇ ಸಿಕ್ಸ್ತುಸ್ ಹತರಾದರು, 10ರಂದು ಲಾರೆನ್ಸರು. ಅವರು ರೋಮಿನ ಡೀಕನ್ (ಪಾದ್ರಿಗಿಂತ ಕೆಳಗಿನ ಹಂತದ ಧರ್ಮಸೇವಕ); ಧರ್ಮಸಭೆಯ (ಚರ್ಚಿನ) ಹಣವನ್ನು ಬಡವರಿಗೆ ಹಂಚುವುದು ಅವರ ಕೆಲಸ. ಅಧಿಕಾರಿಗಳು ಸಂಪತ್ತು ಒಪ್ಪಿಸು ಎಂದಾಗ ಮೂರು ದಿನದ ಗಡುವು ಕೇಳಿ, ಇದ್ದದ್ದನ್ನೆಲ್ಲ ಹಂಚಿ, ಬಡವರನ್ನೇ ಕರೆತಂದು ‘ಇವರೇ ಧರ್ಮಸಭೆಯ ಸಂಪತ್ತು’ ಅಂದರೆಂದು ಪರಂಪರೆ ಹೇಳುತ್ತದೆ. ನಾವು ಇಲ್ಲಿಂದ ನೇರ ಅವರನ್ನು ಸುಟ್ಟರೆನ್ನುವ ಕಬ್ಬಿಣದ ಸರಳು, ಬೆಂಕಿಯ ಕತೆಗೆ ಓಡುತ್ತೇವೆ; ಮಕ್ಕಳಿಗೆ ಅದೊಂದೇ ನೆನಪುಳಿಯುತ್ತದೆ. ಇಲ್ಲೇ ನಿಲ್ಲಿ. ಮೂರೇ ದಿನದಲ್ಲಿ ಅಷ್ಟು ಜನರನ್ನು ಸೇರಿಸಬೇಕಾದರೆ ಅವರ ಮನೆ ಬಾಗಿಲು ಮೊದಲೇ ಗೊತ್ತಿರಬೇಕಲ್ಲ? ನಮ್ಮ ವಾರ್ಡಿನಲ್ಲಿ ಪೂಜೆಗೆ ಬರಲಾಗದೆ ಹಾಸಿಗೆ ಹಿಡಿದವರು ಯಾರು? ಪ್ರತಿಯೊಬ್ಬರೂ ಒಂದು ಹೆಸರನ್ನು ಚೀಟಿಯಲ್ಲಿ ಬರೆದು ಜೇಬಿಗೆ ಹಾಕಿಕೊಳ್ಳಲಿ, ಹಬ್ಬದೊಳಗೆ ಹೋಗಿ ಬರಲಿ. ಮರುದಿನ ‘ಯಾರು ಹೋದಿರಿ’ ಎಂದು ಎಲ್ಲರೆದುರು ಕೇಳಬೇಡಿ. ಬಲಗೈ ಕೊಟ್ಟದ್ದು ಎಡಗೈಗೆ ತಿಳಿಯಬಾರದು.

ಕಾಲ, ಊರು ಹೇಳಲು ಎರಡು ನಿಮಿಷ, ಘಟನೆಗೆ ನಾಲ್ಕು, ಮೌನಕ್ಕೆ ಎರಡು, ಉಳಿದದ್ದು ಕೆಲಸಕ್ಕೆ. ಹೊತ್ತಾಯಿತೆಂದು ಮೌನ ಮಾತ್ರ ಕತ್ತರಿಸಬೇಡಿ.

ಜೆಪ್ಪು ಓದುಗ:
ಸಂತರನ್ನು ತಪ್ಪಾಗಿ ಅನುಕರಿಸುವುದೂ ಉಂಟು, ಅದಕ್ಕೊಂದು ದಿನ ಇಡಿ. ಮುಂದೆ ಸಂತರಾದ ಸ್ಪೇನಿನ ಸೈನಿಕ ಇಗ್ನೇಷಿಯಸ್ ಲೊಯೋಲರಿಗೆ 1521ರಲ್ಲಿ ಪಾಂಪ್ಲೋನಾದಲ್ಲಿ ಫಿರಂಗಿ ಗುಂಡು ತಗುಲಿ ಕಾಲು ಮುರಿಯಿತು. ಮಲಗಿದ್ದಲ್ಲಿ ಓದಲು ವೀರರ ಕತೆಯ ಪುಸ್ತಕ ಕೊಡಿ ಎಂದರು, ಆದರೆ ಮನೆಯಲ್ಲಿ ಇದ್ದದ್ದು ಕ್ರಿಸ್ತಚರಿತ್ರೆ ಮತ್ತು ಸಂತರ ಚರಿತ್ರೆ. ಓದಿ ಬದಲಾದರು. ಆದರೆ ಮನ್ರೇಸಾ ಎಂಬ ಊರಿನಲ್ಲಿ ಸಂತರಂತೆಯೇ ಮಾಡಬೇಕೆಂದು ವಿಪರೀತ ಉಪವಾಸ ಮಾಡಿ ಆರೋಗ್ಯ ಕೆಡಿಸಿಕೊಂಡರು. ಆಮೇಲೆ ಬೇರೆಯವರಿಗೆ ಮಿತಿ ಕಲಿಸಿದರು. ಧರ್ಮಸಭೆ ಕೇಳುವ ಉಪವಾಸ ವಿಭೂತಿ ಬುಧವಾರ ಮತ್ತು ಶುಭ ಶುಕ್ರವಾರ, 18ರಿಂದ 59 ವಯಸ್ಸಿನವರಿಗೆ. ಒಂದು ಪೂರ್ತಿ ಊಟ ಉಂಟು. ಸಕ್ಕರೆ ಕಾಯಿಲೆಯ ಅಜ್ಜಿ ‘ಸಂತರು ಮಾಡಲಿಲ್ಲವೇ’ ಎಂದು ಹಟ ಹಿಡಿದರೆ ಇದನ್ನೇ ಹೇಳಿ.

ಇನ್ನು ಇಗ್ನೇಷಿಯಸರು ಕಲಿಸಿದ ಆತ್ಮಶೋಧನೆ, ಅಂದರೆ ದಿನವನ್ನು ಹಿಂತಿರುಗಿ ನೋಡುವ ಪ್ರಾರ್ಥನೆ. ಅದಕ್ಕೆ ಐದು ಹೆಜ್ಜೆ: ದೇವರಿಗೆ ಕೃತಜ್ಞತೆ, ಬೆಳಕಿಗಾಗಿ ಬೇಡಿಕೆ, ಬೆಳಿಗ್ಗೆಯಿಂದ ದಿನವನ್ನು ನೋಡುವುದು, ಕ್ಷಮೆ, ನಾಳೆಯ ನಿರ್ಧಾರ. ಹೆಚ್ಚಿನವರು ಕೃತಜ್ಞತೆ ಬಿಟ್ಟು ಪಾಪದ ಪಟ್ಟಿಯಿಂದ ಶುರುಮಾಡುತ್ತಾರೆ, ವಾರದೊಳಗೆ ಬೇಸರ ಬಂದು ನಿಲ್ಲಿಸುತ್ತಾರೆ. ಮಲಗಿಕೊಂಡು ಮಾಡಿದರೆ ಮೂರನೆಯದಕ್ಕೇ ನಿದ್ದೆ.

ಮುಡಿಪು ದಾರಿ:
ಪವಾಡ ಪೂರ್ತಿ ಬಿಡುವುದನ್ನು ನಾನು ಒಪ್ಪುವುದಿಲ್ಲ. ಜನ ಹರಕೆ ಹೊತ್ತು ಅತ್ತೂರಿಗೆ ಬರುವುದು ನಂಬಿಕೆಯಿಂದಲೇ. ಆ ನಂಬಿಕೆಯನ್ನು ಸರಿಯಾದ ಜಾಗದಲ್ಲಿ ಇಡಿ. ಸಂತರ ಲುತಾನಿ (ಸಂತರನ್ನು ಒಬ್ಬೊಬ್ಬರಾಗಿ ಹೆಸರಿಸಿ ಹೇಳುವ ಪ್ರಾರ್ಥನೆ) ಹೇಳುವಾಗ ಗಮನಿಸಿ: ದೇವರಿಗೆ ‘ದಯೆ ತೋರು’ ಅನ್ನುತ್ತೇವೆ, ಸಂತರಿಗೆ ‘ನಮಗಾಗಿ ಪ್ರಾರ್ಥಿಸಿರಿ’ ಅನ್ನುತ್ತೇವೆ. ಆ ಎರಡು ಸಾಲನ್ನೇ ಓದಿ ತೋರಿಸಿದರೆ ಆರಾಧನೆಗೂ ಗೌರವಕ್ಕೂ ಇರುವ ವ್ಯತ್ಯಾಸ ಮಕ್ಕಳಿಗೂ ತಿಳಿಯುತ್ತದೆ.

ನಮ್ಮ ಕರಾವಳಿಯಲ್ಲೇ ಓಡಾಡಿದ ಗೋವಾದ ಪಾದ್ರಿ, ಸಂತ ಜೋಸೆಫ್ ವಾಜರನ್ನು ಮರೆಯಬೇಡಿ. 1681ರಿಂದ 1684ರವರೆಗೆ ಕೆನರಾದಲ್ಲಿದ್ದರು. 1687ರಲ್ಲಿ ಡಚ್ಚರ ಕಣ್ಣು ತಪ್ಪಿಸಿ, ಕೂಲಿಯಾಳಿನ ವೇಷದಲ್ಲಿ ಶ್ರೀಲಂಕಾ ಸೇರಿದರು. ತಮಿಳು, ಸಿಂಹಳ ಕಲಿತರು. ಕ್ಯಾಂಡಿಯಲ್ಲಿ ಗೂಢಚಾರನೆಂದು ಸೆರೆಯಾದರು. 1697ರಲ್ಲಿ ಅದೇ ಊರಿಗೆ ಸಿಡುಬು ಬಂದಾಗ ರೋಗಿಗಳ ಆರೈಕೆಗೆ ನಿಂತರು. ನಮ್ಮನ್ನು ಅನುಮಾನಿಸಿದವರ ಮನೆಗೆ ಕಷ್ಟಕಾಲದಲ್ಲಿ ಹೋಗುತ್ತೇವಾ? ಬೇಲಿ, ಗಡಿಯ ತಕರಾರು ಇಲ್ಲದ ವಾರ್ಡ್ ಇಲ್ಲ. ಈ ಪ್ರಶ್ನೆಯೊಂದು ಸಾಕು.

ಬೆಂದೂರು ಗುರ್ಕಾರ್:
ಬಹಳ ಉಪಕಾರ. ಆತ್ಮಶೋಧನೆಯ ಐದು ಹೆಜ್ಜೆ ಚಿಕ್ಕ ಮಕ್ಕಳಿಗೆ ಆಗುತ್ತದಾ?

ಜೆಪ್ಪು ಓದುಗ:
ಐದು ಬೇಡ, ಮೂರು ಮಾತು: ‘ದೇವರೇ, ಉಪಕಾರ’, ‘ತಪ್ಪಾಯಿತು’, ‘ನಾಳೆ ಸಹಾಯ ಮಾಡು’. ಪ್ರತಿಯೊಂದಕ್ಕೂ ಆ ದಿನದ್ದೇ ಒಂದು ವಿಷಯ ಮಗು ಮನಸ್ಸಿನಲ್ಲೇ ಹೇಳಿಕೊಳ್ಳಲಿ. ದೊಡ್ಡವರು ಬಾಯಿಬಿಡಿಸಲು ಹೋದರೆ ಮಗು ನಮಗೆ ಇಷ್ಟವಾಗುವ ಉತ್ತರ ಹುಡುಕುತ್ತದೆ. ಊಟಕ್ಕೆ ಮುಂಚೆ, ಮನೆಯ ಆಲ್ತಾರಿನ (ದೇವರ ಪೀಠದ) ಮುಂದೆ ನಿಂತು, ಎರಡೇ ನಿಮಿಷ.