‘ನಾನು ರೋಬೋಟ್ ಅಲ್ಲ’ ಅಂತ ಅತಿಥಿಗಳು ಯಾಕೆ ಹೇಳಬೇಕು?

ತೀರ್ಥಹಳ್ಳಿ ಮನೆಮಂದಿ ಗುಂಪು, ಭಾನುವಾರ ಬೆಳಗ್ಗೆ

ಸಾಗರದ ಅತ್ತೆ (ಫಾರ್ವರ್ಡ್): ಎಚ್ಚರ!! ‘ನಾನು ರೋಬೋಟ್ ಅಲ್ಲ’ ಅಂತ ಟಿಕ್ ಹಾಕಿದರೆ ಬ್ಯಾಂಕ್ ಖಾತೆ ಖಾಲಿ! ಎಲ್ಲರಿಗೂ ಕಳಿಸಿ!

ಸಾಗರದ ಅತ್ತೆ: ನಮ್ಮ ಹೋಂಸ್ಟೇ ಬುಕಿಂಗ್ ಫಾರಂನಲ್ಲೂ ಇದೇ ಇದೆ. ಅವತ್ತೇ ಹೇಳಿದ್ದೆ, ಯಾರು ಕೇಳಿದ್ರಿ?

ಬೆಂಗಳೂರು ಬಾವ: ಯಾರು ಹೇಳಿದ್ದು ಅತ್ತೆ? ಯಾವ ಬ್ಯಾಂಕು, ಯಾವ ಪೊಲೀಸರು? ಮೂಲ ಕೊಡಿ.

ಸಾಗರದ ಅತ್ತೆ: ಮಹಿಳಾ ಮಂಡಳಿ ಗುಂಪಲ್ಲಿ ಬಂತು. ಅವರೆಲ್ಲ ಸುಳ್ಳು ಹೇಳ್ತಾರಾ?

ದೊಡ್ಡಪ್ಪ: ಮನೆಗೆ ಬಂದವರಿಗೆ ಮೊದಲು ಆಸರಿಗೆ ಕೊಡಬೇಕು. ನೀನು ಮನುಷ್ಯನಾ ಅಂತ ಬಾಗಿಲಲ್ಲೇ ಕೇಳುವುದು ನಮ್ಮ ಪದ್ಧತಿ ಅಲ್ಲ.

ನಾನು: ಅತ್ತೆ, ಬರೀ ಟಿಕ್ ಹಾಕಿದರೆ ದುಡ್ಡು ಹೋಗುವುದಿಲ್ಲ. ಆದರೆ ಕಳ್ಳರು ಅದೇ ಥರದ ನಕಲಿ ಪುಟ ಮಾಡುತ್ತಾರೆ. ವಿಂಡೋಸ್ ಕೀ ಜೊತೆ ಆರ್ ಒತ್ತಿ, ಆಮೇಲೆ ಕಂಟ್ರೋಲ್ ವಿ, ಎಂಟರ್ ಅಂತ ಹೇಳುತ್ತದೆ. ಹಾಗೆ ಮಾಡಿದರೆ ನಾವೇ ಕೈಯಾರೆ ವೈರಸ್ ಒಳಗೆ ಬಿಟ್ಟ ಹಾಗೆ. ಅಸಲಿ ಕ್ಯಾಪ್ಚಾ, ಅಂದರೆ ಮನುಷ್ಯರೋ ಯಂತ್ರವೋ ಅಂತ ನೋಡುವ ಈ ಪರೀಕ್ಷೆ, ಯಾವತ್ತೂ ಹಾಗೆ ಕೇಳುವುದಿಲ್ಲ. ಅಂಥದ್ದು ಕಂಡರೆ ಪುಟ ಮುಚ್ಚಿಬಿಡಿ.

ಬೆಂಗಳೂರು ಬಾವ: ಅಂದರೆ ನಾನು ಹಾಕಿಸಿದ್ದರಲ್ಲಿ ತಪ್ಪಿಲ್ಲ ಅಂತಾಯ್ತು.

ನಾನು: ಅಪಾಯ ಇಲ್ಲ ಬಾವ, ತೊಂದರೆ ಇದೆ. ಟಿಕ್ ಹಾಕಿದ ಮೇಲೆ ಚಿತ್ರ ತೋರಿಸಿ, ಹೈಡ್ರಂಟ್ ಇರುವ ಚೌಕ ಒತ್ತಿ ಅನ್ನುತ್ತದೆ. ಅಮೆರಿಕದ ಫುಟ್‌ಪಾತ್ ಮೇಲಿನ ಆ ಗಿಡ್ಡ ನೀರಿನ ಕಂಬವನ್ನು ನಮ್ಮಲ್ಲಿ ಎಷ್ಟು ಜನ ನೋಡಿದ್ದಾರೆ? ಮಳೆಗಾಲದಲ್ಲಿ ಒಂದು ಕಡ್ಡಿ ನೆಟ್‌ವರ್ಕಲ್ಲಿ ಆ ಚಿತ್ರ ಬರುವಷ್ಟರಲ್ಲಿ ಜನ ಬೇಸತ್ತು ಬೇರೆ ಹೋಂಸ್ಟೇ ನೋಡಿಕೊಳ್ಳುತ್ತಾರೆ. ಕಣ್ಣು ಕಾಣದವರಿಗಂತೂ ದೊಡ್ಡ ಹಿಂಸೆ.

ಬೆಂಗಳೂರು ಬಾವ: ರಾತ್ರಿಯೆಲ್ಲ ಆ ಫಾರಂನಿಂದ ಸ್ಪ್ಯಾಮ್ ಬಂದು ದೊಡ್ಡಪ್ಪನ ಫೋನ್ ಟಿಂಗ್ ಟಿಂಗ್ ಅಂತಿದ್ದಾಗ ನೀನು ಎಲ್ಲಿದ್ದೆ? ಗೃಹಪ್ರವೇಶದಲ್ಲೂ ಹಾಗೇ ಆಯ್ತು. ಶಾಮಿಯಾನದವನಿಗೆ ದುಡ್ಡು ಕೊಟ್ಟಿದ್ದು ನಾನು, ಹೆಸರು ಬೇರೆಯವರಿಗೆ.

ಕೊಪ್ಪದ ಅಕ್ಕ: ಅಯ್ಯೋ, ಆ ದಿನದ ಹಲಸಿನಹಣ್ಣಿನ ಕಡುಬು! ಅಜ್ಜನ ಮನೆ ಜಗಲಿಯ ಫೋನ್ ನೆನಪಿದೆಯಾ? ಗಾಳಿಮಳೆಗೆ ಮರ ಬಿದ್ದರೆ ವಾರಗಟ್ಟಲೆ ಸತ್ತಿರುತ್ತಿತ್ತು. ಸ್ಪ್ಯಾಮೂ ಇಲ್ಲ, ಏನೂ ಇಲ್ಲ.

ಸಾಗರದ ಅತ್ತೆ: ಆ ಕಡುಬಿಗೆ ಎಲೆ ಕೊಯ್ದು ತಂದವರ ಹೆಸರು ಮಾತ್ರ ಒಬ್ಬರೂ ಹೇಳಲ್ಲ.

ನಾನು: ಇದೊಂದು ಪೂರ್ತಿ ಓದಿ, ಪ್ಲೀಸ್. ಬಾಟ್ ಅಂದರೆ ತಾನಾಗಿ ಫಾರಂ ತುಂಬುವ ಪ್ರೋಗ್ರಾಂ. ಅದು ನಮ್ಮ ಹಾಗೆ ಪುಟ ನೋಡುವುದಿಲ್ಲ, ಅದರ ಕೋಡ್ ಓದಿ ಸಿಕ್ಕ ಸಿಕ್ಕ ಕಾಲಂ ತುಂಬುತ್ತದೆ. ಫಾರಂನಲ್ಲಿ ಒಂದು ಕಾಲಂ ಜಾಸ್ತಿ ಇಟ್ಟು, ಸಿಎಸ್‌ಎಸ್‌ನಿಂದ, ಅಂದರೆ ಪುಟ ಹೇಗೆ ಕಾಣಬೇಕು ಅಂತ ಹೇಳುವ ಕೋಡಿನಿಂದ, ಮರೆಮಾಡಬೇಕು. ಮನುಷ್ಯರಿಗೆ ಕಾಣುವುದಿಲ್ಲ, ಹಾಗಾಗಿ ತುಂಬುವುದಿಲ್ಲ. ಅದು ತುಂಬಿ ಬಂತು ಅಂದರೆ ಬಾಟ್. ಇದಕ್ಕೆ ಹನಿಪಾಟ್ ಅನ್ನುತ್ತಾರೆ. ಕಣ್ಣು ಕಾಣದವರಿಗೆ ಪುಟ ಓದಿ ಹೇಳುವ ಸ್ಕ್ರೀನ್ ರೀಡರ್ ಬಳಸುವವರಿಗಾಗಿ ‘ಇದನ್ನು ಖಾಲಿ ಬಿಡಿ’ ಅಂತ ಬರೆದಿರಬೇಕು. ಆಟೋಫಿಲ್ ಕೂಡ ಬಂದ್ ಮಾಡಬೇಕು, ಇಲ್ಲದಿದ್ದರೆ ಬ್ರೌಸರೇ ತುಂಬಿಬಿಟ್ಟು ನಿಜವಾದ ಅತಿಥಿಯ ಬುಕಿಂಗ್ ಕಳೆದುಹೋಗುತ್ತದೆ. ಜೊತೆಗೆ ಸಮಯ ನೋಡುವುದು. ಹೆಸರು, ನಂಬರು, ತಾರೀಖು ಎಲ್ಲ 2–3 ಸೆಕೆಂಡಲ್ಲಿ ತುಂಬಿ ಬಂದರೆ ಅದನ್ನು ಪಕ್ಕಕ್ಕಿಟ್ಟು ಆಮೇಲೆ ನೋಡಿದರಾಯ್ತು.

ಬೆಂಗಳೂರು ಬಾವ: ಇದೂ ಫಾರ್ವರ್ಡೇನಾ? ಗೂಗಲ್ಲಿಗಿಂತ ನೀನು ಜಾಣನಾ?

ನಾನು: ಗೂಗಲ್ಲೇ ಚಿತ್ರ ಕಡಿಮೆ ಮಾಡುವ ದಾರಿ ಹಿಡಿದಿದೆ ಬಾವ. 2009ರಲ್ಲಿ ಅವರು ರೀಕ್ಯಾಪ್ಚಾ ಅನ್ನುವ ಕ್ಯಾಪ್ಚಾ ಸೇವೆ ಕೊಂಡರು. 2014ರಲ್ಲಿ ಟಿಕ್ ಬಂತು, 2018ರಲ್ಲಿ ಬಂದ ಮೂರನೇ ಆವೃತ್ತಿಯಲ್ಲಿ ಆ ಟಿಕ್ಕೂ ಇಲ್ಲ, ಬಂದವರು ಮನುಷ್ಯರೇ ಇರಬಹುದಾ ಅಂತ ತೆರೆಮರೆಯಲ್ಲೇ 0ಯಿಂದ 1ರ ತನಕ ಅಂಕ ಹಾಕುತ್ತದೆ. ನಮ್ಮ ಫಾರಂಗೇ ಅಂತ ಕೂತು ಬರೆದ ಬಾಟ್ ಹನಿಪಾಟನ್ನೂ ದಾಟುತ್ತದೆ, ನಿಜ. ಹಾಗಾದರೆ ಕ್ಲೌಡ್‌ಫ್ಲೇರ್ ಕಂಪನಿಯ ಟರ್ನ್‌ಸ್ಟೈಲ್ ಅನ್ನುವ ಪರೀಕ್ಷೆ ಹಾಕೋಣ, ಅದರಲ್ಲೂ ಚಿತ್ರದ ಕಾಟ ಇಲ್ಲ.

ದೊಡ್ಡಪ್ಪ: ಅರ್ಧ ಅರ್ಥವಾಯಿತು. ಆ ಚಿತ್ರ ತೆಗೆದುಹಾಕಿ. ಆದರೆ ಬಾವನಿಗೆ ಹೇಳದೆ ಏನೂ ಮುಟ್ಟಬೇಡ, ಕಷ್ಟಕ್ಕೆ ಆದವನು ಅವನೇ.

ಬೆಂಗಳೂರು ಬಾವ: ಸರಿ. ಪಾಸ್‌ವರ್ಡ್ ಇಲ್ಲೇ ಹಾಕ್ತೀನಿ.

ನಾನು: ಗುಂಪಲ್ಲಿ ಬೇಡ ಬಾವ! ಈಗಲೇ ಫೋನ್ ಮಾಡುತ್ತೇನೆ.