ಪದಚರ್ಚೆ: 'ಪೆರೋಲ್' ಅಲ್ಲಿಯದು ಬೇರೆ, ಇಲ್ಲಿಯದು ಬೇರೆ. ಕನ್ನಡದಲ್ಲಿ ಏನನ್ನೋಣ?

ಎಲ್ಲರಿಗೂ ನಮಸ್ಕಾರ.

ಅಮೆರಿಕದ ಜೈಲುಗಳ ಬಗ್ಗೆ ಒಂದು ಲೇಖನ ಬರೆಯುತ್ತಿದ್ದೇನೆ. ಅರ್ಧ ಮುಗಿದಾಗ ನಮ್ಮೂರಿನ ಹಿರಿಯ ವಕೀಲರೊಬ್ಬರಿಗೆ ಓದಲು ಕೊಟ್ಟೆ. 'ಪೆರೋಲ್ ಸಿಕ್ಕಿ 6 ವರ್ಷವಾಗಿದ್ದವರು' ಎಂದು ಒಂದು ಕಡೆ ಬರೆದಿದ್ದೆ. ಅಲ್ಲಿಗೆ ಬಂದವರೇ ಕನ್ನಡಕ ತೆಗೆದರು. "6 ವರ್ಷ ಪೆರೋಲಾ? ನಮ್ಮಲ್ಲಿ 30 ದಿನ ಕೊಡಿಸೋದಕ್ಕೇ ಜೀವ ಹೋಗುತ್ತೆ ಮಾರಾಯ್ರೆ" ಅಂದರು.

ಅವರ ಪ್ರಶ್ನೆ ಸರಿಯಾಗಿಯೇ ಇತ್ತು. ನಮ್ಮಲ್ಲಿ ಪೆರೋಲ್ ಎಂದರೆ ರಜೆ. ತಾಯಿಗೆ ಹುಷಾರಿಲ್ಲ, ಮಗಳ ಮದುವೆ, ತಂದೆಯ ತಿಥಿ ಎಂದು ಕೈದಿ ಅರ್ಜಿ ಹಾಕುತ್ತಾನೆ. ಪೊಲೀಸರು ವರದಿ ಕೊಡುತ್ತಾರೆ. ಕೊಟ್ಟಷ್ಟು ದಿನ ಮನೆಯಲ್ಲಿದ್ದು ವಾಪಸ್ ಹೋಗಬೇಕು. ಹೋಗದಿದ್ದರೆ 'ಪೆರೋಲ್ ಮೇಲೆ ತೆರಳಿದ್ದ ಕೈದಿ ಪರಾರಿ' ಎಂದು ಪತ್ರಿಕೆಯ ಒಳಪುಟದಲ್ಲಿ ಬರುತ್ತದೆ.

ಅಮೆರಿಕದ ಪೆರೋಲ್‌ನಲ್ಲಿ ಹೋದವರು ವಾಪಸ್ ಬರಬೇಕಾಗಿಲ್ಲ. ಶಿಕ್ಷೆಯ ಒಂದಷ್ಟು ಭಾಗ ಒಳಗೆ ಕಳೆದ ಮೇಲೆ ಪೆರೋಲ್ ಮಂಡಳಿ ಒಪ್ಪಿದರೆ ಉಳಿದದ್ದನ್ನು ಹೊರಗೆ ಕಳೆಯಬಹುದು. ಆದರೆ ಶಿಕ್ಷೆ ಮುಗಿದಿರುವುದಿಲ್ಲ. ಪೆರೋಲ್ ಅಧಿಕಾರಿ ಹೇಳಿದ ದಿನ ಹಾಜರಾಗಬೇಕು. ಮೂತ್ರ ಪರೀಕ್ಷೆಗೆ ಒಪ್ಪಬೇಕು. ಹೇಳದೆ ಮನೆ ಬದಲಿಸುವಂತಿಲ್ಲ, ರಾಜ್ಯ ದಾಟುವಂತಿಲ್ಲ. ಇದರಲ್ಲಿ ಯಾವುದಾದರೂ ತಪ್ಪಿದರೆ, ಹೊಸ ಅಪರಾಧ ಏನೂ ಮಾಡಿರದಿದ್ದರೂ, ಮತ್ತೆ ಒಳಗೆ ಹೋಗಬೇಕಾಗಬಹುದು. ಇಂಥ ತಪ್ಪಿಗೆ ಅಲ್ಲಿ 'ಟೆಕ್ನಿಕಲ್ ವಯೊಲೇಷನ್' ಅನ್ನುತ್ತಾರೆ. ಇದನ್ನೆಲ್ಲ ಕೇಳಿ ನಮ್ಮ ವಕೀಲರು "ಇದು ಬಿಡುಗಡೆ ಅಲ್ಲ, ಉದ್ದ ಹಗ್ಗ" ಅಂದರು. ಗೂಟ ಇದ್ದಲ್ಲೇ ಇದೆ, ಮೇಯುವ ಜಾಗ ಸ್ವಲ್ಪ ಜಾಸ್ತಿ ಅಷ್ಟೆ.

ಪದ ತಪ್ಪಾದರೆ ಲೇಖನವೇ ಅಡ್ಡದಾರಿ ಹಿಡಿಯುತ್ತದೆ. ನ್ಯೂಯಾರ್ಕ್ ರಾಜ್ಯ 2021ರಲ್ಲಿ 'ಲೆಸ್ ಈಸ್ ಮೋರ್' ಎಂಬ ಕಾನೂನು ಮಾಡಿತು. ಸಣ್ಣಪುಟ್ಟ ಟೆಕ್ನಿಕಲ್ ತಪ್ಪಿಗೆಲ್ಲ ಜನರನ್ನು ಮತ್ತೆ ಒಳಗೆ ಹಾಕುವುದಕ್ಕೆ ಅದು ಕಡಿವಾಣ ಹಾಕಿತು. 30 ದಿನ ತಪ್ಪಿಲ್ಲದೆ ನಡೆದುಕೊಂಡರೆ ಪೆರೋಲ್ ಅವಧಿಯಲ್ಲಿ 30 ದಿನ ಕಡಿತ ಎಂದೂ ಹೇಳಿತು. ಇದನ್ನು ನಾನು 'ಪೆರೋಲ್ ಮೇಲಿದ್ದವರು ಜೈಲಿಗೆ ಮರಳುವುದನ್ನು ತಡೆಯುವ ಕಾನೂನು' ಎಂದು ಬರೆದಿದ್ದೆ. ನಮ್ಮ ಓದುಗರಿಗೆ ಅದು ಹೇಗೆ ಕೇಳಿಸುತ್ತೆ ನೋಡಿ. ರಜೆಗೆ ಹೋದವನು ವಾಪಸ್ ಬರದ ಹಾಗೆ ಸರ್ಕಾರವೇ ಕಾನೂನು ಮಾಡಿತು ಅಂತ! ಪೆರೋಲ್ ಅವಧಿ ಕಡಿತ ಎಂದರೆ ನಮ್ಮಲ್ಲಿ ಶಿಕ್ಷೆ, ಅಲ್ಲಿ ಬಹುಮಾನ.

ಇನ್ನು ಪದದ ಮೂಲಕ್ಕೆ ಬರುತ್ತೇನೆ. ನನಗೆ ಖುಷಿ ಕೊಟ್ಟದ್ದು ಇದೇ. ಫ್ರೆಂಚ್‌ನಲ್ಲಿ 'ಪರೋಲ್' ಅಂದರೆ ಮಾತು. ಹಿಂದೆ ಯುದ್ಧದಲ್ಲಿ ಸೆರೆ ಸಿಕ್ಕವನು ಮಾತು ಕೊಟ್ಟು ಹೊರಗೆ ಹೋಗಬಹುದಾಗಿತ್ತು. ಓಡಿ ಹೋಗುವುದಿಲ್ಲ, ಮತ್ತೆ ಆಯುಧ ಹಿಡಿಯುವುದಿಲ್ಲ, ಇಂಥ ಮಾತು. ಕನ್ನಡದ 'ಭಾಷೆ'ಗೂ ಇದೇ ಎರಡು ಮುಖ ಇದೆ ಅಲ್ವಾ? ಆಡುವುದೂ ಭಾಷೆ, ಕೊಡುವುದೂ ಭಾಷೆ. ಕರುವಿಗೆ ಹಾಲು ಕೊಟ್ಟು ಬರುತ್ತೇನೆ ಎಂದು ಹುಲಿಗೆ ಭಾಷೆ ಕೊಟ್ಟು ಹೋದ ಪುಣ್ಯಕೋಟಿಯದು ಪಕ್ಕಾ ಪೆರೋಲ್. ನಮ್ಮ ಜೈಲುಗಳ ಪೆರೋಲ್ ಕೂಡ ಅದೇ ಜಾತಿಯದು. ಹಾಗೆ ನೋಡಿದರೆ ಮೂಲದ ಅರ್ಥಕ್ಕೆ ನಾವೇ ಹತ್ತಿರ ಇದ್ದೇವೆ, ಅಮೆರಿಕದವರು ದೂರ ಹೋಗಿದ್ದಾರೆ.

ನಮ್ಮ ಪೆರೋಲಿಗೆ ಅಲ್ಲಿ ಇರುವ ಪದ 'ಫರ್ಲೋ'. ಹರಿಯಾಣದ ಕೈದಿಗಳಿಗೆ ರಜೆ ಸಿಕ್ಕ ಸುದ್ದಿ ಬಂದಾಗ ನಮ್ಮ ಪತ್ರಿಕೆಗಳಲ್ಲೂ ಈ ಪದ ಕಾಣುತ್ತದೆ. ಅಮೆರಿಕದಲ್ಲಿ ಫರ್ಲೋ ಹೆಸರು ಕೆಟ್ಟದ್ದು ಒಬ್ಬ ಕೈದಿಯಿಂದ. ಮಸಾಚುಸೆಟ್ಸ್‌ನಲ್ಲಿ ಕೊಲೆ ಕೇಸಿನಲ್ಲಿ ಜೀವಾವಧಿ ಶಿಕ್ಷೆಯಲ್ಲಿದ್ದ ವಿಲ್ಲಿ ಹಾರ್ಟನ್ 1986ರಲ್ಲಿ ವಾರದ ಕೊನೆಯ ರಜೆಗೆ ಹೋದವನು ವಾಪಸ್ ಬರಲಿಲ್ಲ. ಮರುವರ್ಷ ಮೇರಿಲ್ಯಾಂಡ್‌ನಲ್ಲಿ ಒಂದು ಮನೆಗೆ ನುಗ್ಗಿ ಹಲ್ಲೆ, ಅತ್ಯಾಚಾರ ಮಾಡಿದ. ಮಸಾಚುಸೆಟ್ಸ್‌ನ ಗವರ್ನರ್ (ನಮ್ಮ ಮುಖ್ಯಮಂತ್ರಿ ಇದ್ದ ಹಾಗೆ) ಮೈಕೆಲ್ ಡುಕಾಕಿಸ್ 1988ರಲ್ಲಿ ಅಧ್ಯಕ್ಷ ಚುನಾವಣೆಗೆ ನಿಂತಾಗ, ಅವರ ವಿರುದ್ಧ ಹಾರ್ಟನ್‌ನ ಫೋಟೊ ಹಾಕಿದ ಜಾಹೀರಾತು ಟಿವಿಯಲ್ಲಿ ಬಂತು. ಹಾರ್ಟನ್ ಕಪ್ಪು ಜನಾಂಗದವನು. ಫೋಟೊ ಸುಮ್ನೆ ಹಾಕಿದ್ದಲ್ಲ. ಡುಕಾಕಿಸ್ ಸೋತರು. ಆಮೇಲೆ ಕೈದಿಗೆ ರಜೆ ಕೊಡಿ ಎನ್ನಲು ರಾಜಕಾರಣಿಗಳು ಹೆದರಿದರು. ಹಲವು ರಾಜ್ಯಗಳಲ್ಲಿ ಫರ್ಲೋ ಸೊರಗಿತು. ಭಾಷೆ ತಪ್ಪಿದವನು ಒಬ್ಬ, ಬಾಗಿಲು ಮುಚ್ಚಿದ್ದು ಎಲ್ಲರಿಗೂ.

ಸರಿ, ಅಮೆರಿಕದ ಪೆರೋಲಿಗೆ ಕನ್ನಡದಲ್ಲಿ ಏನನ್ನಬೇಕು? ನನಗೆ ಮೊದಲು ಹೊಳೆದದ್ದು 'ಸನ್ನಡತೆಯ ಬಿಡುಗಡೆ'. ಸ್ವಾತಂತ್ರ್ಯ ದಿನ, ಗಣರಾಜ್ಯೋತ್ಸವದ ಹೊತ್ತಿಗೆ ಈ ಮಾತು ಸುದ್ದಿಯಲ್ಲಿ ಬರುತ್ತದೆ. ಆದರೆ ಅದನ್ನು ಕೇಳಿದರೆ ಕತೆ ಮುಗಿಯಿತು, ಮನೆಗೆ ಹೋದ ಎನ್ನಿಸುತ್ತದೆ. ಹಗ್ಗ ಕಾಣುವುದಿಲ್ಲ. 'ಷರತ್ತಿನ ಬಿಡುಗಡೆ' ಎಂದರೆ ಓದುಗರು ಷರತ್ತುಬದ್ಧ ಜಾಮೀನು ಎಂದುಕೊಳ್ಳುತ್ತಾರೆ. 'ನಿಗಾ ಬಿಡುಗಡೆ' ನನಗೆ ಇಷ್ಟವಾಯಿತು. ಆದರೆ ಅಲ್ಲೊಂದು ತೊಡಕಿದೆ. ಅಮೆರಿಕದ ಕೇಂದ್ರ ಸರ್ಕಾರ 1984ರ ಕಾನೂನಿನಿಂದ ಪೆರೋಲನ್ನೇ ತೆಗೆದುಹಾಕಿತು. 1987ರ ನವೆಂಬರ್‌ನಿಂದಾಚೆಗಿನ ಅಪರಾಧಗಳಿಗೆ ಅದು ಅನ್ವಯಿಸಿತು. ಅದರ ಬದಲು ತಂದದ್ದು, ಇಡೀ ಜೈಲುವಾಸ ಮುಗಿಸಿದ ಮೇಲೂ ಕೆಲವು ವರ್ಷ ಕಣ್ಣಿಡುವ 'ಸೂಪರ್‌ವೈಸ್ಡ್ ರಿಲೀಸ್'. ಮಾತಿಗೆ ಮಾತು ಇಟ್ಟರೆ ಅದೇ ನಿಗಾ ಬಿಡುಗಡೆ! ಎರಡೂ ಒಂದೇ ಲೇಖನದಲ್ಲಿ ಬಂದರೆ ನಾನು ಕೆಟ್ಟೆ.

'ಪ್ರೊಬೇಷನ್' ಇನ್ನೊಂದು ತಲೆನೋವು. ಕರ್ನಾಟಕದಲ್ಲಿ ಪ್ರೊಬೇಷನರ್ ಎಂದರೆ ಕೆಪಿಎಸ್‌ಸಿ ಪಾಸಾದ ಗೆಜೆಟೆಡ್ ಅಧಿಕಾರಿ, ಮದುವೆ ಮಾರುಕಟ್ಟೆಯಲ್ಲಿ ಭಾರಿ ಬೆಲೆ. ಅಮೆರಿಕದಲ್ಲಿ ಇದು ಜೈಲಿಗೆ ಕಳಿಸುವ ಬದಲು ಕೋರ್ಟು ಹಾಕುವ ನಿಗಾ. ಫಿಲಡೆಲ್ಫಿಯಾದ ರ‍್ಯಾಪ್ ಹಾಡುಗಾರ ಮೀಕ್ ಮಿಲ್ 2008ರ ತೀರ್ಪಿನ ಬಾಲವಾಗಿ ಬಂದ ಪ್ರೊಬೇಷನ್‌ನಲ್ಲಿ ವರ್ಷಗಟ್ಟಲೆ ಸಿಕ್ಕಿಕೊಂಡಿದ್ದ. 2017ರಲ್ಲಿ ಅದರ ನಿಯಮ ಮುರಿದದ್ದಕ್ಕೇ 2ರಿಂದ 4 ವರ್ಷದ ಶಿಕ್ಷೆ ಬಿತ್ತು. ಗಲಾಟೆಯಾಗಿ 2018ರ ಏಪ್ರಿಲ್‌ನಲ್ಲಿ ಹೊರಬಂದ. ಇದಕ್ಕೆ ಸರ್ಕಾರಿ ಕನ್ನಡದಲ್ಲಿ 'ಪರಿವೀಕ್ಷಣೆ' ಇದೆ. ಓದಿದರೆ ಸೇತುವೆ ಕಾಮಗಾರಿ ನೋಡಲು ಎಂಜಿನಿಯರ್ ಬಂದ ಹಾಗಿದೆ. ಆದರೂ ಇರುವ ಪದ, ಅದನ್ನೇ ಇಟ್ಟುಕೊಂಡಿದ್ದೇನೆ.

ಜೈಲು ಮತ್ತು ಪ್ರಿಸನ್ ಕೂಡ ಅಲ್ಲಿ ಎರಡು. ಜೈಲು ಕೌಂಟಿಯದ್ದು (ನಮ್ಮ ಜಿಲ್ಲೆಯಂಥದ್ದು) ಇಲ್ಲವೇ ಊರಿನದ್ದು. ಅಲ್ಲಿರುವವರಲ್ಲಿ ಮೂರರಲ್ಲಿ ಎರಡು ಭಾಗಕ್ಕಿಂತ ಜಾಸ್ತಿ ಜನರ ವಿಚಾರಣೆಯೇ ಮುಗಿದಿರುವುದಿಲ್ಲ. ಪ್ರಿಸನ್ ರಾಜ್ಯದ್ದು ಅಥವಾ ಕೇಂದ್ರದ್ದು, ಸಾಮಾನ್ಯವಾಗಿ ಒಂದು ವರ್ಷಕ್ಕಿಂತ ಹೆಚ್ಚು ಶಿಕ್ಷೆ ಬಿದ್ದವರಿಗೆ. ನಾನು ಮೊದಲನೆಯದಕ್ಕೆ 'ಜೈಲು', ಎರಡನೆಯದಕ್ಕೆ 'ಸೆರೆಮನೆ' ಎಂದು ಹಂಚಿಬಿಟ್ಟಿದ್ದೇನೆ. ಲೇಖನದ ಶುರುವಿನಲ್ಲೇ ಹೇಳಿದರೆ ನಡೆಯುತ್ತೆ ಅನ್ನಿಸುತ್ತೆ.

ಪೆರೋಲಿನದೇ ಬಗೆಹರಿದಿಲ್ಲ. ಸದ್ಯಕ್ಕೆ ನಿಮ್ಮ ಮುಂದಿಡುತ್ತಿರುವುದು 'ಹೊರಶಿಕ್ಷೆ'. ಒಳಗೆ ಕಳೆದದ್ದು ಒಳಶಿಕ್ಷೆ, ಉಳಿದದ್ದು ಹೊರಶಿಕ್ಷೆ. ವಕೀಲರು ಮೂಗು ಮುರಿದರು, ಬಿಡುಗಡೆಯ ಸುಳಿವೇ ಇಲ್ಲ ಅಂದರು. ನಿಮಗೆ ಹೇಗೆ ಕೇಳಿಸುತ್ತದೆ? ಕೋರ್ಟು, ಜೈಲು ಇಲಾಖೆಯಲ್ಲಿ ಕೆಲಸ ಮಾಡಿದವರು, ಅಮೆರಿಕದಲ್ಲಿರುವವರು ಯಾರಾದರೂ ಇದ್ದರೆ ನೀವು ಮನೆಯಲ್ಲಿ ಕನ್ನಡ ಮಾತಾಡುವಾಗ ಇದನ್ನು ಏನೆನ್ನುತ್ತೀರಿ, ಅದನ್ನೂ ಬರೆಯಿರಿ. ಮುಂದಿನ ವಾರ ಲೇಖನ ಕಳಿಸಬೇಕು.